ಪಾರ್ಶ್ವವಾಯುವಿನ ಅನಂತರ ಮರಳಿ ನಡಿಗೆ: ಮನೆಯಲ್ಲಿ ನಡಿಗೆ ಯಂತ್ರದ ಬಳಕೆ

ಸಂಸಾರವೆಂಬ ಬಂಡಿಗೆ ಪತಿಪತ್ನಿಯರು ಎರಡು ಗಾಲಿಗಳಿದ್ದಂತೆ. ಅವುಗಳಲ್ಲೊಂದು ಹಠಾತ್ತನೆ ನಿಂತರೆ ಬಂಡಿ ಮುಂದೆ ಸಾಗದು. ನಿನ್ನೆಯವರೆಗೆ ಹೊಲದಲ್ಲಿ ದುಡಿಯುತ್ತಿದ್ದ ವ್ಯಕ್ತಿಯ ಒಂದು ಕೈ, ಒಂದು ಕಾಲು ಮುಂಜಾನೆ ಏಳುವ ವೇಳೆಗೆ ಸ್ವಾಧೀನ ತಪ್ಪಿರುವುದನ್ನು ನಿಮ್ಮ ಊರಿನಲ್ಲಿಯೂ ನೀವು ಕಂಡಿರಬಹುದು. ಇದನ್ನೇ ಪಾರ್ಶ್ವವಾಯು ಎನ್ನುವರು. ಹಳ್ಳಿಗಳಲ್ಲಿ ಲಕ್ವ ಹೊಡೆಯಿತು ಎಂಬುದು ವಾಡಿಕೆಯ ಮಾತು. ಇದು ಮುದುಕರಿಗೆ ಮಾತ್ರ ಬರುವ ವ್ಯಾಧಿಯಲ್ಲ. ನಲವತ್ತು, ಐವತ್ತರ ಪ್ರಾಯದ ಗೃಹಸ್ಥರಲ್ಲಿಯೂ ಗೃಹಿಣಿಯರಲ್ಲಿಯೂ ಇದು ಕಾಣಿಸಿಕೊಳ್ಳುತ್ತದೆ.

ಪ್ರಾಣಾಪಾಯ ಕಳೆದು ರೋಗಿ ಮನೆಗೆ ಬಂದ ಮೇಲೆ ಮನೆಯವರನ್ನು ಕಾಡುವ ಪ್ರಶ್ನೆ ಒಂದೇ: ಇವರು ಮತ್ತೆ ನಡೆಯುವರೇ? ಇತ್ತೀಚಿನ ವರ್ಷಗಳಲ್ಲಿ ರೊಬೊಟ್ ಎಂಬ ಯಂತ್ರಗಳ ಸಹಾಯದಿಂದ ನಡಿಗೆಯನ್ನು ಮರಳಿ ಕಲಿಸುವ ಪದ್ಧತಿ ನಮ್ಮ ನಾಡಿಗೂ ಬಂದಿದೆ. ಯಂತ್ರವನ್ನು ಕೊಂಡು ಮನೆಯಲ್ಲಿಟ್ಟುಕೊಂಡರೆ ಕಾಲು ಬಂದೇ ಬರುವುದೆಂದು ಯಾರಾದರೂ ಹೇಳಿದಾಗ, ಜಮೀನನ್ನು ಅಡವಿಟ್ಟಾದರೂ ಹಣ ಹೊಂದಿಸೋಣವೆಂದು ದಂಪತಿಗಳು ಯೋಚಿಸುವುದು ಸಹಜ. ಹಾಗೆ ಯೋಚಿಸುವ ಮುನ್ನ ಯಂತ್ರದಿಂದ ಏನಾಗುತ್ತದೆ, ಏನಾಗದು ಎಂಬುದನ್ನು ಇಬ್ಬರೂ ಕುಳಿತು ತಿಳಿಯುವುದು ಅವಶ್ಯ. ಈ ಪಾಠದ ಉದ್ದೇಶ ಅದೇ ಆಗಿದೆ.

ನಡಿಗೆ ನಿಲ್ಲುವುದೇಕೆ?

ನಮ್ಮ ಕೈಕಾಲುಗಳು ಮಿದುಳಿನ ಆಜ್ಞೆಯಂತೆ ಚಲಿಸುತ್ತವೆ. ಮಿದುಳಿನ ಎಡಭಾಗವು ದೇಹದ ಬಲಗಡೆಯನ್ನೂ, ಬಲಭಾಗವು ಎಡಗಡೆಯನ್ನೂ ಆಳುತ್ತದೆ. ಮಿದುಳಿಗೆ ರಕ್ತ ಒಯ್ಯುವ ನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಅಡ್ಡಬಂದರೆ, ಇಲ್ಲವೇ ಆ ನಾಳವು ಒಡೆದು ರಕ್ತ ಸೋರಿದರೆ, ಆ ಭಾಗದ ಜೀವಕೋಶಗಳು ಕೆಲವೇ ನಿಮಿಷಗಳಲ್ಲಿ ನಾಶವಾಗತೊಡಗುತ್ತವೆ. ಪಾರ್ಶ್ವವಾಯುವಿನ ಬಹುಪಾಲು ಪ್ರಕರಣಗಳು ಮೊದಲನೆಯ ಬಗೆಗೆ ಸೇರಿದವು.

ಇಲ್ಲಿ ಮುಖ್ಯವಾಗಿ ಮನಗಾಣಬೇಕಾದ ಸಂಗತಿಯೊಂದಿದೆ. ಕೆಟ್ಟಿರುವುದು ಕಾಲಲ್ಲ, ಕಾಲಿಗೆ ಆಜ್ಞೆ ಕಳುಹಿಸುವ ಸ್ಥಾನಕ್ಕೆ ಪೆಟ್ಟಾಗಿದೆ. ಆದುದರಿಂದ ಕಾಲಿಗೆ ಎಷ್ಟೇ ಎಣ್ಣೆ ತಿಕ್ಕಿದರೂ, ಪಾರಿವಾಳದ ರಕ್ತ ಸವರಿದರೂ, ಮಿದುಳಿನಲ್ಲಿ ಮುಚ್ಚಿಹೋದ ದಾರಿ ತೆರೆಯದು. ಇಂತಹ ಉಪಚಾರಗಳಲ್ಲಿ ಕಳೆಯುವ ಮೊದಲ ವಾರಗಳು ಮರಳಿ ಬಾರದ ಅಮೂಲ್ಯ ವೇಳೆಯಾಗಿವೆ.

ಮೊದಲ ಗಂಟೆಗಳು

ಬಾಯಿ ಒಂದು ಕಡೆಗೆ ಸೊಟ್ಟಗಾದರೆ, ಎರಡೂ ತೋಳುಗಳನ್ನು ಎತ್ತಿ ಹಿಡಿಯಲು ಹೇಳಿದಾಗ ಒಂದು ಕೆಳಗೆ ಜಾರಿದರೆ, ಮಾತು ತೊದಲಿದರೆ, ಒಮ್ಮೆಲೇ ಕಣ್ಣು ಮಂಜಾದರೆ ಅಥವಾ ತೂಕ ತಪ್ಪಿ ಬೀಳುವಂತಾದರೆ, ಕೂಡಲೇ 108 ಆಂಬ್ಯುಲೆನ್ಸಿಗೆ ಕರೆ ಮಾಡಬೇಕು. ಲಕ್ಷಣ ಕಾಣಿಸಿದ ಗಳಿಗೆಯನ್ನು ಗಡಿಯಾರ ನೋಡಿ ಬರೆದಿಡಬೇಕು. ಹೆಪ್ಪನ್ನು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳೊಳಗೆ ಕೊಡಬೇಕು. ಅದಕ್ಕೂ ಮೊದಲು ಸಿ.ಟಿ. ಸ್ಕ್ಯಾನ್ ಆಗಬೇಕು. ರೋಗಿಗೆ ನುಂಗುವುದು ಕಷ್ಟವಾಗಿರಬಹುದಾದ ಕಾರಣ ನೀರನ್ನಾಗಲಿ ಆಹಾರವನ್ನಾಗಲಿ ಬಾಯಿಗೆ ಹಾಕತಕ್ಕದ್ದಲ್ಲ.

ಆಸ್ಪತ್ರೆಯಲ್ಲಿ ಮೊದಲ ದಿನವೇ ರೋಗಿಯನ್ನು ಎಬ್ಬಿಸಿ ನಡೆಸಬೇಕೆಂಬ ಆತುರವೂ ಸಲ್ಲದು. 2,104 ರೋಗಿಗಳನ್ನು ಕುರಿತು ನಡೆದು 2015ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ, ಮೊದಲ 24 ಗಂಟೆಗಳೊಳಗೆ ಹೆಚ್ಚು ಹೆಚ್ಚಾಗಿ ಎಬ್ಬಿಸಿ ಓಡಾಡಿಸಿದವರ ಸ್ಥಿತಿ ಇತರರಿಗಿಂತ ಉತ್ತಮವಾಗಲಿಲ್ಲ. ಒಳ್ಳೆಯ ಚೇತರಿಕೆಯ ಸಂಭವವೇ ತುಸು ಕಡಿಮೆಯಾಯಿತು. ಎಂದಿನಿಂದ ಕೂರಿಸಬೇಕು, ಎಂದಿನಿಂದ ನಿಲ್ಲಿಸಬೇಕು ಎಂಬುದನ್ನು ವೈದ್ಯರ ನಿರ್ಣಯಕ್ಕೆ ಬಿಡಬೇಕು.

ಮಿದುಳು ಮತ್ತೆ ಕಲಿಯುವ ಬಗೆ

ಸತ್ತ ಜೀವಕೋಶಗಳು ಮರಳಿ ಹುಟ್ಟುವುದಿಲ್ಲ. ಆದರೂ ಅನೇಕರು ಮತ್ತೆ ನಡೆಯುತ್ತಾರೆ. ಇದು ಹೇಗೆ ಸಾಧ್ಯ? ಕಾಲುವೆಯ ಏರಿ ಕುಸಿದು ನೀರಿನ ದಾರಿ ಮುಚ್ಚಿಹೋದಾಗ ರೈತನು ಪಕ್ಕದ ಸಣ್ಣ ಕವಲುಗಳಲ್ಲಿ ನೀರನ್ನು ತಿರುಗಿಸುತ್ತಾನೆ. ಮೊದಲು ಅಲ್ಲಿ ನೀರು ಹನಿಹನಿಯಾಗಿ ಹರಿಯುತ್ತದೆ. ಹರಿಸಿದಷ್ಟೂ ಕವಲು ಅಗಲವಾಗುತ್ತದೆ, ಆಳವಾಗುತ್ತದೆ. ಮಿದುಳಿನಲ್ಲಿಯೂ ಹಾಗೆಯೇ. ಉಳಿದಿರುವ ನರಗಳು ಹೊಸ ದಾರಿಗಳನ್ನು ಕಲಿಯುತ್ತವೆ. ಆದರೆ ಆ ದಾರಿಯಲ್ಲಿ ಆಜ್ಞೆ ನೂರಾರು ಬಾರಿ, ಸಾವಿರಾರು ಬಾರಿ ಹರಿಯಬೇಕು. ಹಾಡುತ್ತ ಹಾಡುತ್ತ ರಾಗ ಎಂಬ ಗಾದೆ ನಡಿಗೆಗೂ ಸಲ್ಲುತ್ತದೆ.

ಈ ಕಲಿಕೆಯು ಮೊದಲ ಮೂರು ತಿಂಗಳುಗಳಲ್ಲಿ ಅತ್ಯಂತ ವೇಗವಾಗಿ ಸಾಗುತ್ತದೆ. ಅನಂತರ ನಿಧಾನವಾಗುವುದಾದರೂ ನಿಂತುಹೋಗುವುದಿಲ್ಲ. ಆರು ತಿಂಗಳು ಕಳೆಯಿತು, ಇನ್ನೇನೂ ಆಗದು ಎಂದು ಕೈಚೆಲ್ಲುವುದು ತಪ್ಪು.

ನಡಿಗೆ ಯಂತ್ರವೆಂದರೇನು?

ರೊಬೊಟ್ ಎಂದೊಡನೆ ಮನುಷ್ಯಾಕಾರದ ಲೋಹದ ಗೊಂಬೆ ಮನಸ್ಸಿಗೆ ಬರುವುದುಂಟು. ನಡಿಗೆ ಯಂತ್ರವು ಹಾಗಿರುವುದಿಲ್ಲ. ಅದರಲ್ಲಿ ಮೂರು ಮುಖ್ಯ ಅಂಗಗಳಿವೆ: ಕಾಲಿನ ಸ್ಥಿತಿಯನ್ನು ಗುರುತಿಸುವ ಸಂವೇದಕಗಳು, ಆ ಮಾಹಿತಿಯನ್ನು ಲೆಕ್ಕಹಾಕುವ ಪುಟ್ಟ ಗಣಕ, ಮತ್ತು ಕಾಲನ್ನು ಎತ್ತಿ ಮುಂದಿಡುವ ಮೋಟಾರುಗಳು. ಪಾದ ನೆಲಕ್ಕೆ ತಾಗಿತೇ, ದೇಹದ ಭಾರ ಯಾವ ಕಡೆಗೆ ವಾಲಿತು ಎಂಬುದನ್ನು ಸಂವೇದಕ ತಿಳಿಸುತ್ತದೆ. ತಕ್ಕ ಸಮಯಕ್ಕೆ ಮೋಟಾರು ಸೊಂಟದ ಅಥವಾ ಮೊಣಕಾಲಿನ ಕೀಲನ್ನು ಚಲಿಸುತ್ತದೆ.

ಇವುಗಳಲ್ಲಿ ಹಲವು ಬಗೆಗಳಿವೆ. ಮೊದಲನೆಯದು ಆಸ್ಪತ್ರೆಯಲ್ಲಿ ಸ್ಥಿರವಾಗಿ ಇರುವ ದೊಡ್ಡ ಯಂತ್ರ. ಮೇಲಿನಿಂದ ಇಳಿಬಿಟ್ಟ ಪಟ್ಟಿಗಳು ರೋಗಿಯ ಭಾರವನ್ನು ಹೊರುತ್ತವೆ. ಕೆಳಗೆ ಚಲಿಸುವ ಟ್ರೆಡ್‌ಮಿಲ್ ಪಟ್ಟಿಯ ಮೇಲೆ ಯಂತ್ರದ ತೋಳುಗಳು ಕಾಲುಗಳನ್ನು ಹೆಜ್ಜೆಹೆಜ್ಜೆಯಾಗಿ ಇಡಿಸುತ್ತವೆ. ಸ್ವಿಟ್ಜರ್ಲೆಂಡಿನಲ್ಲಿ ರೂಪುಗೊಂಡ ಲೊಕೊಮ್ಯಾಟ್ ಇದಕ್ಕೆ ಪ್ರಸಿದ್ಧ ಉದಾಹರಣೆ. ಕೇರಳದ ಜೆನ್‌ರೊಬೊಟಿಕ್ಸ್ ಸಂಸ್ಥೆಯು ಜಿ-ಗೈಟರ್ ಎಂಬ ಯಂತ್ರವನ್ನು ನಮ್ಮ ದೇಶದಲ್ಲಿಯೇ ತಯಾರಿಸಿದೆ. ಎರಡನೆಯದು ಕವಚದಂತೆ ಸೊಂಟಕ್ಕೂ ಕಾಲಿಗೂ ತೊಡುವ ಯಂತ್ರ. ಇದನ್ನು ಧರಿಸಿ ನೆಲದ ಮೇಲೆಯೇ ನಡೆಯಬಹುದು. ಬೆಂಗಳೂರಿನ ಬಯೋನಿಕ್ ಯಂತ್ರ ಸಂಸ್ಥೆಯು ಇಂತಹ ಹೊರಕವಚವೊಂದನ್ನು ರೂಪಿಸಿದೆ. ಮೂರನೆಯದು ಸೊಂಟಕ್ಕೆ ಅಥವಾ ಕಣಕಾಲಿಗೆ ಮಾತ್ರ ಕಟ್ಟುವ ಹಗುರವಾದ ಸಾಧನ. ಮನೆಯಲ್ಲಿ ಬಳಸಲು ಹೆಚ್ಚು ಅನುಕೂಲವಾದದ್ದು ಈ ಮೂರನೆಯ ಬಗೆ. ಇಲ್ಲಿ ಕೆಲವು ಯಂತ್ರಗಳ ಹೆಸರು ಹೇಳಿದ ಮಾತ್ರಕ್ಕೆ ಅವುಗಳನ್ನು ಕೊಳ್ಳಿರೆಂಬ ಶಿಫಾರಸು ಎಂದು ತಿಳಿಯಬಾರದು.

ಮೋಟಾರು ಜೋಡಿಸಿದ ಪೆಡಲ್ ಯಂತ್ರವನ್ನೂ ಕೆಲವರು ನಡಿಗೆ ಯಂತ್ರವೆಂದು ಕರೆಯುವುದುಂಟು. ಕುಳಿತಲ್ಲಿಯೇ ಕಾಲು ತಿರುಗಿಸುವ ಇದು ಕೀಲುಗಳಿಗೆ ವ್ಯಾಯಾಮ ಕೊಡುತ್ತದೆಯೇ ಹೊರತು ದೇಹದ ಭಾರವನ್ನು ಹೊತ್ತು ಹೆಜ್ಜೆಯಿಡುವುದನ್ನು ಕಲಿಸದು.

ಯಾರಿಗೆ ಪ್ರಯೋಜನ? ಯಾರಿಗೆ ಅಷ್ಟಿಲ್ಲ?

ಯಂತ್ರದ ನಿಜವಾದ ಗುಣವೆಂದರೆ ಹೆಜ್ಜೆಗಳ ಎಣಿಕೆ. ನಿಲ್ಲಲೂ ಆಗದ ರೋಗಿಯನ್ನು ಇಬ್ಬರು ಹಿಡಿದು ನಡೆಸಿದರೆ 20 ನಿಮಿಷಗಳಲ್ಲಿ 50ರಿಂದ 100 ಹೆಜ್ಜೆಗಳಾಗಬಹುದು. ಅಷ್ಟೇ ವೇಳೆಯಲ್ಲಿ ಆಸ್ಪತ್ರೆಯ ದೊಡ್ಡ ಯಂತ್ರವು 800ರಿಂದ 1,000 ಹೆಜ್ಜೆಗಳನ್ನು ಇಡಿಸಬಲ್ಲದು. ಹಿಡಿದವರ ಬೆನ್ನೂ ಉಳಿಯುತ್ತದೆ.

ಇದರ ಫಲವನ್ನು ಜಗತ್ತಿನ ಅನೇಕ ದೇಶಗಳಲ್ಲಿ ಪರೀಕ್ಷಿಸಲಾಗಿದೆ. 62 ಅಧ್ಯಯನಗಳನ್ನೂ ಅವುಗಳಲ್ಲಿ ಭಾಗವಹಿಸಿದ 2,440 ರೋಗಿಗಳನ್ನೂ ಒಟ್ಟುಗೂಡಿಸಿ 2020ರಲ್ಲಿ ಪ್ರಕಟವಾದ ಪರಿಶೀಲನೆಯ ತೀರ್ಮಾನ ಹೀಗಿದೆ: ಫಿಸಿಯೊಥೆರಪಿಯ ಜೊತೆಗೆ ಯಂತ್ರವನ್ನೂ ಬಳಸಿದರೆ, ಫಿಸಿಯೊಥೆರಪಿ ಮಾತ್ರ ಪಡೆದವರಿಗಿಂತ ಹೆಚ್ಚು ಮಂದಿ ಪರರ ಆಸರೆಯಿಲ್ಲದೆ ನಡೆಯುವಂತಾಗುತ್ತಾರೆ. ಲೆಕ್ಕದಲ್ಲಿ ಹೇಳುವುದಾದರೆ, ಹೀಗೆ ಎಂಟು ಮಂದಿಗೆ ಚಿಕಿತ್ಸೆ ನೀಡಿದಾಗ ಹೆಚ್ಚುವರಿಯಾಗಿ ಒಬ್ಬರು ಸ್ವತಂತ್ರವಾಗಿ ನಡೆಯುತ್ತಾರೆ. ಪಾರ್ಶ್ವವಾಯು ಬಡಿದು ಮೂರು ತಿಂಗಳೊಳಗಿರುವವರಿಗೆ ಹಾಗೂ ಸ್ವಲ್ಪವೂ ನಡೆಯಲಾರದವರಿಗೆ ಈ ಲಾಭ ಅಧಿಕ.

ಈಗಾಗಲೇ ಕೋಲೂರಿಕೊಂಡು ನಡೆಯುತ್ತಿರುವವರ ಸಂಗತಿ ಬೇರೆ. ಅಮೆರಿಕದಲ್ಲಿ 63 ರೋಗಿಗಳ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಯಂತ್ರದಲ್ಲಿ ನಡೆದವರಿಗಿಂತ ಸಾಮಾನ್ಯ ಫಿಸಿಯೊಥೆರಪಿ ಪಡೆದವರೇ ನಡಿಗೆಯ ವೇಗದಲ್ಲಿಯೂ ದೂರದಲ್ಲಿಯೂ ಮುಂದಿದ್ದರು. ಕಾರಣವನ್ನು ಊಹಿಸುವುದು ಕಷ್ಟವಲ್ಲ. ಕಾಲನ್ನು ಯಂತ್ರವೇ ಎತ್ತಿಟ್ಟರೆ ಮಿದುಳು ಆಜ್ಞೆ ಕೊಡುವ ಶ್ರಮವನ್ನು ಬಿಡುತ್ತದೆ. ತಾನೇ ನಡೆಯಬಲ್ಲ ಮಗುವನ್ನು ಸದಾ ಸೊಂಟದ ಮೇಲೆ ಹೊತ್ತರೆ ಅದು ನಡಿಗೆ ಕಲಿಯುವುದು ತಡವಾಗುವುದಿಲ್ಲವೇ? ಆದುದರಿಂದ ಯಂತ್ರವು ಬೇಕಾದಷ್ಟು ಮಾತ್ರ ಸಹಾಯ ಮಾಡಬೇಕು, ಮತ್ತು ಆ ಸಹಾಯವನ್ನು ವಾರವಾರವೂ ಕಡಿಮೆ ಮಾಡುತ್ತ ಬರಬೇಕು.

2011ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಗ್ರಾಮೀಣ ಕುಟುಂಬಗಳಿಗೆ ಧೈರ್ಯ ಕೊಡುವಂಥದು. ಅದರಲ್ಲಿ 408 ರೋಗಿಗಳಿದ್ದರು. ಕೆಲವರಿಗೆ ಭಾರ ಹೊರುವ ಪಟ್ಟಿಗಳುಳ್ಳ ಟ್ರೆಡ್‌ಮಿಲ್ ಮೇಲೆ ತರಬೇತಿ ಕೊಡಲಾಯಿತು. ಉಳಿದವರಿಗೆ ಫಿಸಿಯೊಥೆರಪಿಸ್ಟರು ಮನೆಗೇ ಬಂದು ಬಲ ಮತ್ತು ಸಮತೋಲದ ವ್ಯಾಯಾಮ ಮಾಡಿಸಿದರು. ಒಂದು ವರ್ಷದ ಕೊನೆಗೆ ಎರಡೂ ಗುಂಪುಗಳ ಪ್ರಗತಿ ಒಂದೇ ಸಮನಾಗಿತ್ತು. ಒಟ್ಟಿನಲ್ಲಿ ಶೇಕಡ 52 ಮಂದಿಯ ನಡಿಗೆ ಮೇಲಿನ ಹಂತಕ್ಕೇರಿತ್ತು.

ಹಾಗೆಂದು ಮನೆಯವರೇ ಎಲ್ಲವನ್ನೂ ಮಾಡಿಕೊಳ್ಳಬಹುದೆಂದಲ್ಲ. ನಮ್ಮ ಭಾರತದಲ್ಲಿಯೇ 14 ಆಸ್ಪತ್ರೆಗಳ 1,250 ರೋಗಿಗಳನ್ನು ಕುರಿತ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ಮನೆಯ ಒಬ್ಬರಿಗೆ ತರಬೇತಿ ಕೊಟ್ಟು ಅವರಿಂದ ಮನೆಯಲ್ಲಿ ಅಭ್ಯಾಸ ಮಾಡಿಸಿದಾಗ, ಆರು ತಿಂಗಳ ಕೊನೆಗೆ ಎಂದಿನ ಚಿಕಿತ್ಸೆಗಿಂತ ಹೆಚ್ಚಿನ ಫಲ ಕಾಣಲಿಲ್ಲ. ಇವೆಲ್ಲವನ್ನೂ ಕೂಡಿಸಿ ನೋಡಿದರೆ ತಿಳಿಯುವುದಿಷ್ಟು: ನಡಿಗೆಯನ್ನು ಯಂತ್ರವೊಂದೇ ತಂದುಕೊಡದು, ಮನೆಯವರ ಪ್ರೀತಿಯೊಂದೇ ತಂದುಕೊಡದು. ಬಲ್ಲವರ ಮಾರ್ಗದರ್ಶನದಲ್ಲಿ, ಸರಿಯಾದ ಹೆಜ್ಜೆಯನ್ನು, ಬೇಸರಿಸದೆ ಮತ್ತೆ ಮತ್ತೆ ಇಡುವ ಅಭ್ಯಾಸವೇ ಅದನ್ನು ತರುತ್ತದೆ. ಯಂತ್ರವು ಆ ಅಭ್ಯಾಸಕ್ಕೊಂದು ಉಪಕರಣ ಮಾತ್ರ.

ಬೆಂಗಳೂರಿನ ಪಶ್ಚಿಮ ಭಾಗಕ್ಕೆ ಬರುವ ಗ್ರಾಮೀಣರಿಗೆ

ಮಾಗಡಿ, ರಾಮನಗರ, ಕುಣಿಗಲ್, ನೆಲಮಂಗಲ ಕಡೆಯ ಅನೇಕ ಕುಟುಂಬಗಳ ಮಕ್ಕಳು ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿ ಮೊದಲಾದ ಬಡಾವಣೆಗಳಲ್ಲಿ ನೆಲಸಿದ್ದಾರೆ. ಊರಿನಲ್ಲಿ ತಂದೆಗೋ ತಾಯಿಗೋ ಪಾರ್ಶ್ವವಾಯುವಾದರೆ, ಆಸ್ಪತ್ರೆಯಿಂದ ಬಿಟ್ಟ ಮೇಲೆ ಕೆಲವು ತಿಂಗಳು ಮಗನ ಅಥವಾ ಮಗಳ ಮನೆಯಲ್ಲಿರುವುದು ಸಾಮಾನ್ಯ. ಮೊದಲ ಮೂರು ತಿಂಗಳನ್ನು ಫಿಸಿಯೊಥೆರಪಿ ದೊರೆಯುವ ಸ್ಥಳದ ಸಮೀಪದಲ್ಲಿ ಕಳೆಯುವುದು ಒಳ್ಳೆಯ ವಿವೇಕವೇ ಸರಿ.

ಮಗನು ಪೀಣ್ಯದಂತಹ ಕೈಗಾರಿಕಾ ಪ್ರದೇಶದ ಕಾರ್ಖಾನೆಯಲ್ಲಿ ದುಡಿಯುತ್ತಿದ್ದು ಇ.ಎಸ್.ಐ. ವಿಮೆಗೆ ಒಳಪಟ್ಟಿದ್ದರೆ, ಅವನನ್ನೇ ಅವಲಂಬಿಸಿರುವ ತಂದೆತಾಯಿಗಳಿಗೂ ಆ ವಿಮೆಯ ವೈದ್ಯಕೀಯ ಸೌಲಭ್ಯವುಂಟು. ರಾಜಾಜಿನಗರದಲ್ಲಿ ಇ.ಎಸ್.ಐ. ನಿಗಮದ ದೊಡ್ಡ ಆಸ್ಪತ್ರೆಯೂ ವೈದ್ಯಕೀಯ ಕಾಲೇಜೂ ಇವೆ. ಈ ವಿಷಯ ತಿಳಿಯದೆ ಖಾಸಗಿಯಾಗಿ ಸಾಲ ಮಾಡುವ ಮೊದಲು ಮಗನ ವಿಮಾ ಚೀಟಿಯಲ್ಲಿ ನಿಮ್ಮ ಹೆಸರು ಸೇರಿದೆಯೇ ಎಂದು ವಿಚಾರಿಸಿರಿ. ಹೊಸೂರು ರಸ್ತೆಯಲ್ಲಿರುವ ನಿಮ್ಹಾನ್ಸ್ ಸಂಸ್ಥೆಯಲ್ಲಿ ನರರೋಗಿಗಳ ಪುನರ್ವಸತಿಗೆಂದೇ ಒಂದು ವಿಭಾಗವಿದೆ. 2021ರ ಆಗಸ್ಟ್ ತಿಂಗಳಲ್ಲಿ ಮೆಟ್ರೊ ರೈಲು ಕೆಂಗೇರಿಯನ್ನು ಮುಟ್ಟಿದ್ದು, ನಿಲ್ದಾಣಗಳಲ್ಲಿ ಲಿಫ್ಟ್ ಸೌಕರ್ಯವಿರುವುದರಿಂದ ಮೈಸೂರು ರಸ್ತೆಯ ಕಡೆಯಿಂದ ಬರುವ ರೋಗಿಗಳಿಗೆ ನಗರದೊಳಗಿನ ಪ್ರಯಾಣ ಸುಲಭವಾಗಿದೆ.

ಊರಿಗೆ ಮರಳಿದ ಮೇಲೆ ಚಿಕಿತ್ಸೆ ನಿಂತುಹೋಗಬಾರದು. ನಿಮ್ಹಾನ್ಸ್ ಸಹಯೋಗದಲ್ಲಿ ರಾಜ್ಯ ಸರ್ಕಾರವು 2022ರ ಜನವರಿಯಲ್ಲಿ ಕರ್ನಾಟಕ ಮಿದುಳು ಆರೋಗ್ಯ ಕಾರ್ಯಕ್ರಮವನ್ನು ಆರಂಭಿಸಿತು. ಮಿದುಳಿನ ರೋಗಗಳಿಗೆ ಜಿಲ್ಲಾ ಮಟ್ಟದಲ್ಲಿಯೇ ಆರೈಕೆ ದೊರೆಯಬೇಕೆಂಬುದು ಅದರ ಗುರಿ. ನಿಮ್ಮ ಜಿಲ್ಲಾ ಆಸ್ಪತ್ರೆಯಲ್ಲಿ ಮಿದುಳು ಆರೋಗ್ಯ ಚಿಕಿತ್ಸಾಲಯ ಯಾವ ದಿನ ನಡೆಯುವುದೆಂದು ಆಶಾ ಕಾರ್ಯಕರ್ತೆಯ ಮೂಲಕ ತಿಳಿದುಕೊಳ್ಳಿರಿ.

ಯಂತ್ರವನ್ನು ಮನೆಗೆ ತರುವ ಮುನ್ನ

ಇಂತಹ ಯಂತ್ರಗಳ ಬೆಲೆ ಲಕ್ಷಗಳ ಲೆಕ್ಕದಲ್ಲಿರುತ್ತದೆ. ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂಬ ಮಾತು ಇಲ್ಲಿ ಅಕ್ಷರಶಃ ಸತ್ಯ. ಹೊಲ ಮಾರಿ, ಒಡವೆ ಅಡವಿಟ್ಟು ಯಂತ್ರ ಕೊಳ್ಳತಕ್ಕದ್ದಲ್ಲ. ಅಷ್ಟು ಹಣದಲ್ಲಿ ಹಲವು ತಿಂಗಳ ಫಿಸಿಯೊಥೆರಪಿ, ಔಷಧಿ, ಪೌಷ್ಟಿಕ ಆಹಾರ ಎಲ್ಲವೂ ನಡೆಯುತ್ತವೆ. ಸಾಧ್ಯವಾದರೆ ಮೊದಲು ಆಸ್ಪತ್ರೆಯಲ್ಲಿ ಕೆಲವು ಸಲ ಯಂತ್ರದ ಅಭ್ಯಾಸ ಮಾಡಿಸಿ ಫಲ ನೋಡಿರಿ. ಅದು ಒಗ್ಗಿದರೆ, ಮನೆಗೆ ಬಾಡಿಗೆಯ ಮೇಲೆ ದೊರೆಯುವುದೇ ಎಂದು ವಿಚಾರಿಸಿರಿ. ಏಕೆಂದರೆ ಯಂತ್ರ ಹೆಚ್ಚು ಉಪಯೋಗಕ್ಕೆ ಬರುವುದು ಕೆಲವೇ ತಿಂಗಳುಗಳ ಕಾಲ.

ಮಾರುವವರನ್ನು ಕೇಳಬೇಕಾದ ಪ್ರಶ್ನೆಗಳು ಇವು:

1. ನಮ್ಮ ರೋಗಿಯ ಎತ್ತರಕ್ಕೂ ತೂಕಕ್ಕೂ ಇದು ಹೊಂದುವುದೇ?
2. ಸಹಾಯದ ಪ್ರಮಾಣವನ್ನು ಹೆಚ್ಚು ಕಡಿಮೆ ಮಾಡಲು ಬರುವುದೇ?
3. ಕಲಿಸಲು ಫಿಸಿಯೊಥೆರಪಿಸ್ಟರು ಮನೆಗೆ ಬರುವರೇ? ಎಷ್ಟು ಸಲ?
4. ಬ್ಯಾಟರಿ ಎಷ್ಟು ಹೊತ್ತು ನಡೆಯುತ್ತದೆ? ಕರೆಂಟು ಹೋದರೆ ಯಂತ್ರ ಒಮ್ಮೆಗೇ ನಿಲ್ಲುವುದೇ, ಮೆಲ್ಲನೆ ನಿಲ್ಲುವುದೇ?
5. ತುರ್ತಾಗಿ ನಿಲ್ಲಿಸುವ ಗುಂಡಿ ಎಲ್ಲಿದೆ?
6. ಕೆಟ್ಟರೆ ರಿಪೇರಿ ಮಾಡುವವರು ನಮ್ಮ ಊರಿಗೆ ಬರುವರೇ?

ನೂರಕ್ಕೆ ನೂರು ಗುಣವಾಗುವುದೆಂದು ಭರವಸೆ ಕೊಡುವವರ ಮಾತನ್ನು ನಂಬಬೇಡಿರಿ. ಬಲ್ಲವರು ಯಾರೂ ಅಂತಹ ಭರವಸೆ ಕೊಡುವುದಿಲ್ಲ.

2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಡಿ ಬಿ.ಪಿ.ಎಲ್. ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸಾ ಸೌಲಭ್ಯವಿದೆ. ಯಂತ್ರದ ಖರ್ಚೂ ಇದರಲ್ಲಿ ಸೇರಿದೆಯೆಂದು ಭಾವಿಸದೆ ಆಸ್ಪತ್ರೆಯ ಆರೋಗ್ಯ ಮಿತ್ರರಲ್ಲಿ ಕೇಳಿ ತಿಳಿಯಿರಿ. ಊನ ಉಳಿದುಕೊಂಡರೆ ಅಂಗವಿಕಲರ ಗುರುತಿನ ಚೀಟಿಯನ್ನು ಮಾಡಿಸಿಕೊಳ್ಳಬೇಕು. ವಾಕರ್, ಊರುಗೋಲು, ಗಾಲಿಕುರ್ಚಿಗಳಂತಹ ಸಾಧನಗಳನ್ನು ಪಡೆಯಲು ಅದು ನೆರವಾಗುತ್ತದೆ. ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರು ಅರ್ಜಿ ಹಾಕುವ ಕ್ರಮವನ್ನು ತಿಳಿಸುವರು.

ಮನೆಯಲ್ಲಿ ಯಂತ್ರ ಬಳಸುವ ಕ್ರಮ

ವೈದ್ಯರ ಒಪ್ಪಿಗೆಯಿಲ್ಲದೆ ಯಂತ್ರವನ್ನು ತೊಡಿಸಬಾರದು. ಕೂಡದ ಮೂಳೆ ಮುರಿತ, ಕಾಲಿನ ಮೇಲೆ ತೆರೆದ ಹುಣ್ಣು, ಮಡಿಸಿಕೊಂಡು ಬಿಗಿದುಹೋದ ಕೀಲು, ಕಾಲಿನ ರಕ್ತನಾಳದಲ್ಲಿ ಹೆಪ್ಪು, ಹತೋಟಿಗೆ ಬಾರದ ರಕ್ತದೊತ್ತಡ ಅಥವಾ ಮೂರ್ಛೆರೋಗ ಇದ್ದವರಿಗೆ ಇದು ಅಪಾಯಕರ. ಹೇಳಿದ ಮಾತನ್ನು ಗ್ರಹಿಸಲಾರದ ರೋಗಿಗೂ ಇದು ಸಲ್ಲದು.

ಅಭ್ಯಾಸಕ್ಕೆ ಸಮತಟ್ಟಾದ, ಒಣಗಿದ, ಬೆಳಕಿರುವ ಜಾಗವನ್ನು ಆರಿಸಿರಿ. ಚಾಪೆ, ತಂತಿ, ಮಕ್ಕಳ ಆಟಿಕೆಗಳನ್ನು ತೆಗೆದಿಡಿರಿ. ಊಟವಾದ ಕೂಡಲೇ ಬೇಡ; ಒಂದು ಗಂಟೆಯಾದರೂ ಕಳೆಯಲಿ. ಮನೆಯಲ್ಲಿ ಬಿ.ಪಿ. ನೋಡುವ ಸಾಧನವಿದ್ದರೆ ಮೊದಲು ಅಳೆಯಿರಿ. 180/110ಕ್ಕಿಂತ ಮೇಲಿದ್ದರೆ ಅಂದು ಅಭ್ಯಾಸ ಬಿಟ್ಟು ವೈದ್ಯರನ್ನು ಕಾಣಬೇಕು. ಬರಿಗಾಲಿನಲ್ಲಾಗಲಿ ಹವಾಯಿ ಚಪ್ಪಲಿಯಲ್ಲಾಗಲಿ ನಡೆಯದೆ ಹಿಮ್ಮಡಿಯನ್ನು ಹಿಡಿದಿಡುವ ಶೂ ಹಾಕಬೇಕು. ಸೀರೆಯ ನೆರಿಗೆ, ಪಂಚೆಯ ಅಂಚು ಯಂತ್ರಕ್ಕೆ ಸಿಕ್ಕಿಕೊಳ್ಳುವ ಭಯವಿರುವುದರಿಂದ ಚೂಡಿದಾರ ಅಥವಾ ಪೈಜಾಮ ತೊಡುವುದು ಲೇಸು.

ಒಂದೇ ಸಲಕ್ಕೆ ಬಹಳ ಹೊತ್ತು ನಡೆಸಬೇಡಿರಿ. ಮೊದಲ ವಾರ ಐದು ಹತ್ತು ನಿಮಿಷ ಸಾಕು. ಕ್ರಮೇಣ 20ರಿಂದ 30 ನಿಮಿಷಕ್ಕೆ ಏರಿಸಿ, ವಾರದಲ್ಲಿ ಮೂರರಿಂದ ಐದು ದಿನ ಮಾಡಬಹುದು. ನಡುನಡುವೆ ಕುಳಿತು ದಣಿವಾರಿಸಿಕೊಳ್ಳಬೇಕು. ಯಂತ್ರ ಹೆಜ್ಜೆಯಿಡುವಾಗ ರೋಗಿಯು ಸುಮ್ಮನಿರದೆ ತಾನೂ ಕಾಲೆತ್ತಲು ಯತ್ನಿಸುತ್ತಿರಬೇಕು. ಅಭ್ಯಾಸ ಮುಗಿದೊಡನೆ ಪಟ್ಟಿ ಕಟ್ಟಿದ ಜಾಗಗಳನ್ನು ಬೆಳಕಿನಲ್ಲಿ ನೋಡಿರಿ. ಸ್ಪರ್ಶಜ್ಞಾನ ಕುಂದಿದ ಕಾಲಿಗೆ ಗಾಯವಾದರೂ ನೋವು ತಿಳಿಯದು. ಕೆಂಪು ಗುರುತು ಮಾಯದೆ ಉಳಿದರೆ ಆ ಪಟ್ಟಿಯನ್ನು ಸರಿಪಡಿಸುವವರೆಗೆ ಯಂತ್ರ ತೊಡಿಸಕೂಡದು. ಎದೆನೋವು, ತಲೆಸುತ್ತು, ಉಸಿರುಗಟ್ಟುವಿಕೆ, ಮೀನಖಂಡದಲ್ಲಿ ಊತ ಕಂಡುಬಂದರೆ ತಕ್ಷಣ ನಿಲ್ಲಿಸಿ ವೈದ್ಯರ ಬಳಿಗೆ ಹೋಗಬೇಕು. ರೋಗಿಯೊಬ್ಬರೇ ಇರುವಾಗ ಯಂತ್ರವನ್ನು ಎಂದಿಗೂ ತೊಡಬಾರದು.

ಯಂತ್ರವಿಲ್ಲದ ಮನೆಯಲ್ಲಿ

ನಮ್ಮ ಹಳ್ಳಿಗಳ ಬಹುತೇಕ ಮನೆಗಳಿಗೆ ಯಂತ್ರ ಬಾರದು. ಅದಕ್ಕಾಗಿ ಕೊರಗಬೇಕಾದುದಿಲ್ಲ. ಫಿಸಿಯೊಥೆರಪಿಸ್ಟರು ತೋರಿಸಿಕೊಟ್ಟ ಕ್ರಮದಲ್ಲಿ, ಜಗಲಿಯ ಕಂಬವನ್ನೋ ಗೋಡೆಗೆ ಬಿಗಿದ ಗಳವನ್ನೋ ಆಸರೆಯಾಗಿಟ್ಟುಕೊಂಡು ಅಭ್ಯಾಸ ಮಾಡಿಸಬಹುದು.

ಅಲುಗದ ಎತ್ತರದ ಕುರ್ಚಿಯಿಂದ ಎದ್ದು ನಿಂತು ಮತ್ತೆ ಕೂರುವುದು ಮೊದಲ ಪಾಠ. ಏಳುವಾಗ ಎರಡೂ ಪಾದಗಳ ಮೇಲೆ ಭಾರ ಬೀಳಬೇಕು. ಇದು ಚೆನ್ನಾಗಿ ಬಂದ ಮೇಲೆ ನಿಂತು ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಸರಿಸುವುದು, ಅನಂತರ ಒಂದು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ ಇಡುವುದು. ಊರುಗೋಲು ಬಲವುಳ್ಳ ಕೈಯಲ್ಲಿರಬೇಕು. ಸಹಾಯ ಮಾಡುವವರು ಬಲಹೀನ ಪಾರ್ಶ್ವದಲ್ಲಿ, ತುಸು ಹಿಂದೆ ನಿಂತು, ರೋಗಿಯ ಸೊಂಟಕ್ಕೆ ಕಟ್ಟಿದ ಅಗಲವಾದ ಪಟ್ಟಿಯನ್ನು ಹಿಡಿಯಬೇಕು. ಬಲಹೀನ ತೋಳನ್ನು ಹಿಡಿದೆಳೆದರೆ ಹೆಗಲಿನ ಕೀಲು ಜಾರುವ ಅಪಾಯವಿದೆ. ಮೆಟ್ಟಿಲೇರುವಾಗ ಬಲವಾದ ಕಾಲು ಮೊದಲು, ಇಳಿಯುವಾಗ ದುರ್ಬಲ ಕಾಲು ಮೊದಲು ಎಂಬುದನ್ನು ಬಾಯಿಪಾಠ ಮಾಡಿಕೊಳ್ಳಿರಿ. ಹೊಸ್ತಿಲು ದಾಟುವಾಗಲೂ ಪಾದದ ತುದಿ ತಗಲದಂತೆ ಎಚ್ಚರವಿರಲಿ. ಪಾದ ಕೆಳಕ್ಕೆ ಜೋಲುತ್ತಿದ್ದರೆ, ಮೀನಖಂಡದಿಂದ ಅಂಗಾಲಿನವರೆಗೆ ಕಟ್ಟುವ ಹಗುರವಾದ ಪ್ಲಾಸ್ಟಿಕ್ ಪಟ್ಟಿಯೊಂದು ಸಾಕಾಗಬಹುದು. ಇದು ಯಂತ್ರಕ್ಕಿಂತ ಬಹಳ ಅಗ್ಗ. ಬಚ್ಚಲಿನಲ್ಲಿ ಹಿಡಿಕೆ ಹಾಕಿಸಿ, ಕುಕ್ಕರುಗಾಲಿನಲ್ಲಿ ಕೂರಲಾರದವರಿಗೆ ಕಮೋಡ್ ಕುರ್ಚಿಯನ್ನು ಒದಗಿಸಿರಿ.

ಪ್ರಗತಿಯನ್ನು ಅಳೆಯಲು ಅಂಗಳದಲ್ಲಿ 10 ಮೀಟರ್ ಅಂತರಕ್ಕೆ ಎರಡು ಗೆರೆ ಎಳೆಯಿರಿ. ಗಡಿಯಾರ ಹಿಡಿದು, ಆ ದೂರವನ್ನು ನಡೆಯಲು ಎಷ್ಟು ಸೆಕೆಂಡು ಬೇಕಾಯಿತೆಂದು ಹದಿನೈದು ದಿನಕ್ಕೊಮ್ಮೆ ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯಿರಿ. 25 ಸೆಕೆಂಡಿಗಿಂತ ಹೆಚ್ಚು ಬೇಕಾದರೆ ನಡಿಗೆ ಸಾಮಾನ್ಯವಾಗಿ ಮನೆಯ ಮಟ್ಟಿಗೆ ಸೀಮಿತ. 12 ಸೆಕೆಂಡಿನ ಆಸುಪಾಸಿಗೆ ಬಂದರೆ ಸಂತೆಗೂ ಹೊಲದ ಕಡೆಗೂ ಹೋಗಿಬರುವಷ್ಟು ಸಾಮರ್ಥ್ಯ ಬಂತೆಂದು ಸ್ಥೂಲವಾಗಿ ತಿಳಿಯಬಹುದು. ಅಂಕಿ ಇಳಿಯುವುದನ್ನು ಕಣ್ಣಾರೆ ಕಂಡಾಗ ರೋಗಿಗೆ ಉತ್ಸಾಹ ಹುಟ್ಟುತ್ತದೆ.

ದಂಪತಿಗಳ ಹೊಣೆ

ಪತಿಗೆ ಪಾರ್ಶ್ವವಾಯುವಾದರೆ ಆರೈಕೆಯ ಭಾರವೆಲ್ಲ ಪತ್ನಿಯ ಮೇಲೆ ಬೀಳುತ್ತದೆ. ಪತ್ನಿಗೆ ಪಾರ್ಶ್ವವಾಯುವಾದರೆ ಆಕೆಯ ಅಭ್ಯಾಸವನ್ನು ವಹಿಸಿಕೊಳ್ಳುವವರೇ ಇಲ್ಲದೆ ಹೋಗುವುದುಂಟು. ಅಡಿಗೆ, ದನಕರು, ಮಕ್ಕಳು ಎಲ್ಲವನ್ನೂ ನೋಡಿಕೊಳ್ಳುತ್ತಿದ್ದವಳು ಮಲಗಿದಾಗ, ಅವಳನ್ನು ನಡೆಸಿಕೊಂಡು ಓಡಾಡುವುದು ಗಂಡನ ಕರ್ತವ್ಯವಲ್ಲವೇ? ಹೆಂಡತಿಯ ಕಾಲಿಗೆ ಪಟ್ಟಿ ಕಟ್ಟಿಕೊಡುವುದರಲ್ಲಿ ಗಂಡಸಿಗೆ ಯಾವ ಕುಂದೂ ಇಲ್ಲ. ಆರೈಕೆ ಮಾಡುವವರ ಬೆನ್ನು, ನಿದ್ರೆ, ಊಟಗಳ ಕಡೆಗೂ ಗಮನವಿರಲಿ. ಮಕ್ಕಳೂ ಸೊಸೆಯಂದಿರೂ ಸರದಿಯಂತೆ ಅಭ್ಯಾಸ ಮಾಡಿಸಲಿ.

ಪಾರ್ಶ್ವವಾಯುವಾದ ಸುಮಾರು ಮೂವರಲ್ಲಿ ಒಬ್ಬರನ್ನು ಖಿನ್ನತೆ ಆವರಿಸುತ್ತದೆ. ಅಭ್ಯಾಸಕ್ಕೆ ಒಲ್ಲೆನೆನ್ನುವುದು, ಸಿಡುಕುವುದು, ಅಳುವುದು ಸೋಮಾರಿತನವಲ್ಲ. ರೋಗದ ಒಂದು ಮುಖ. ಇದಕ್ಕೂ ಚಿಕಿತ್ಸೆಯಿದೆ. ಎಲ್ಲರೆದುರು ಗದರಿಸದೆ ವೈದ್ಯರಿಗೆ ತಿಳಿಸಿರಿ.

ಪ್ರಾಯದ ದಂಪತಿಗಳು ಇನ್ನೊಂದು ವಿಷಯವನ್ನು ತಿಳಿದಿರಬೇಕು. ಪಾರ್ಶ್ವವಾಯುವಾಗಿದ್ದ ಸ್ತ್ರೀಯರು ಮಾಲಾ-ಎನ್‌ನಂತಹ ಈಸ್ಟ್ರೊಜೆನ್ ಇರುವ ಗರ್ಭನಿರೋಧಕ ಮಾತ್ರೆಗಳನ್ನು ಸೇವಿಸಬಾರದು. ಅದರಿಂದ ರಕ್ತ ಹೆಪ್ಪುಗಟ್ಟುವ ಸಂಭವ ಹೆಚ್ಚು. ಕಾಪರ್-ಟಿ, ನಿರೋಧ್ ಮೊದಲಾದ ವಿಧಾನಗಳ ಬಗ್ಗೆ ವೈದ್ಯರಲ್ಲಿ ಕೇಳಿರಿ. ಮಗು ಬೇಕೆನಿಸಿದರೆ ವೈದ್ಯರ ಸಲಹೆ ಪಡೆದೇ ಮುಂದುವರಿಯಿರಿ. ರಕ್ತದೊತ್ತಡ ಹತೋಟಿಯಲ್ಲಿದ್ದು ದೇಹಸ್ಥಿತಿ ಸ್ಥಿರವಾದ ಮೇಲೆ ದಾಂಪತ್ಯ ಜೀವನಕ್ಕೆ ಸಾಮಾನ್ಯವಾಗಿ ಅಡ್ಡಿಯಿಲ್ಲ. ಸಂಕೋಚ ಬಿಟ್ಟು ವೈದ್ಯರನ್ನು ಕೇಳುವುದರಲ್ಲಿ ತಪ್ಪಿಲ್ಲ.

ಮತ್ತೊಮ್ಮೆ ಬಾರದಂತೆ

ಕಷ್ಟಪಟ್ಟು ಗಳಿಸಿದ ನಡಿಗೆಯನ್ನು ಎರಡನೆಯ ಪಾರ್ಶ್ವವಾಯು ಕಸಿದುಕೊಳ್ಳಬಹುದು. ಕಾಲು ಬಂತೆಂದು ಬಿ.ಪಿ. ಮಾತ್ರೆಯನ್ನೂ, ರಕ್ತ ಹೆಪ್ಪುಗಟ್ಟದಂತೆ ಕೊಟ್ಟ ಮಾತ್ರೆಯನ್ನೂ ನಿಲ್ಲಿಸತಕ್ಕದ್ದಲ್ಲ. ಬೀಡಿ, ಸಿಗರೇಟು, ಹೊಗೆಸೊಪ್ಪು, ಮದ್ಯ ಇವುಗಳನ್ನು ಬಿಡಬೇಕು. ದಿನಕ್ಕೆ ಒಬ್ಬರಿಗೆ 5 ಗ್ರಾಮಿಗಿಂತ, ಅಂದರೆ ಒಂದು ಚಿಕ್ಕ ಚಮಚಕ್ಕಿಂತ ಕಡಿಮೆ ಉಪ್ಪು ಸಾಕು. ಉಪ್ಪಿನಕಾಯಿ, ಹಪ್ಪಳಗಳಲ್ಲಿರುವ ಉಪ್ಪೂ ಇದರಲ್ಲಿ ಸೇರಿದೆ. ಸಕ್ಕರೆ ಕಾಯಿಲೆಯಿದ್ದರೆ ಅದನ್ನೂ ಹತೋಟಿಯಲ್ಲಿಡಬೇಕು. ಮೂವತ್ತು ದಾಟಿದ ಪತಿಪತ್ನಿಯರಿಬ್ಬರೂ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಬಿ.ಪಿ. ಮತ್ತು ಸಕ್ಕರೆಯನ್ನು ಪರೀಕ್ಷಿಸಿಕೊಳ್ಳಿರಿ. ರೋಗಿಯನ್ನು ತೋರಿಸಲು ಹೋದ ದಿನ ಜೊತೆಗೆ ಹೋದವರೂ ತಮ್ಮ ತೋಳು ನೀಡಿ ಅಳೆಯಿಸಿಕೊಳ್ಳಲಿ.

ನೆನಪಿಡಿರಿ

1. ಲಕ್ಷಣ ಕಂಡೊಡನೆ 108, ವೇಳೆಯನ್ನು ಬರೆದಿಡಿ.
2. ಮೊದಲ ಮೂರು ತಿಂಗಳು ಅಮೂಲ್ಯ. ಅವನ್ನು ಮದ್ದು ಹುಡುಕುವುದರಲ್ಲಿ ಕಳೆಯದೆ ಅಭ್ಯಾಸದಲ್ಲಿ ಕಳೆಯಿರಿ.
3. ನಡಿಗೆ ಯಂತ್ರವು ಫಿಸಿಯೊಥೆರಪಿಗೆ ಜೊತೆಗಾರ, ಬದಲಿಯಲ್ಲ.
4. ನಿಲ್ಲಲಾರದವರಿಗೆ ಯಂತ್ರದ ಲಾಭ ಹೆಚ್ಚು. ನಡೆಯಬಲ್ಲವರು ತಾವೇ ನಡೆಯುವುದು ಮೇಲು.
5. ಸಾಲ ಮಾಡಿ ಯಂತ್ರ ಕೊಳ್ಳಬೇಡಿ, ಮಾತ್ರೆ ನಿಲ್ಲಿಸಬೇಡಿ.

ಮನೆಯಲ್ಲಿ ಚರ್ಚಿಸಿರಿ

ನಮ್ಮ ಮನೆಯಲ್ಲಿ ಯಾರಿಗಾದರೂ ಪಾರ್ಶ್ವವಾಯುವಾದರೆ 108ಕ್ಕೆ ಕರೆ ಮಾಡುವವರು ಯಾರು? ಸಿ.ಟಿ. ಸ್ಕ್ಯಾನ್ ಇರುವ ಸಮೀಪದ ಆಸ್ಪತ್ರೆ ಯಾವುದು? ನಮ್ಮ ಹೊಸ್ತಿಲು, ಬಚ್ಚಲು, ಮೆಟ್ಟಿಲುಗಳು ದುರ್ಬಲ ಕಾಲಿಗೆ ತಕ್ಕಂತಿವೆಯೇ? ನಮ್ಮಿಬ್ಬರ ಬಿ.ಪಿ. ಕಡೆಯ ಸಲ ಅಳೆದದ್ದು ಯಾವಾಗ? ಈ ನಾಲ್ಕು ಪ್ರಶ್ನೆಗಳಿಗೆ ಈ ಸಂಜೆಯೇ ಉತ್ತರ ಕಂಡುಕೊಳ್ಳಿರಿ. ಗೊತ್ತಿಲ್ಲದಿದ್ದುದನ್ನು ನಾಳೆ ಆಶಾ ಕಾರ್ಯಕರ್ತೆಯನ್ನು ಕೇಳಿ ತಿಳಿಯಿರಿ.